ಕೆಳಗೆ ಗೋಡೆಯಿಲ್ಲದ ಗೋಡೆ

ಅಥವಾ ನಾನು ಮೊದಲು ನೋಡಿದ್ದು ಆ ಫೋಟೋ ಅಲ್ಲವೇನೋ. ಹೇಳುವಾಗಲೆಲ್ಲ ಫೋಟೋದಿಂದಲೇ ಶುರುಮಾಡುತ್ತೇನೆ: ಶುಕ್ರವಾರದ ರಜೆ, ಒಮಾನಿನ ಹಮ್ರಿಯಾದ ನಮ್ಮ ಫ್ಲ್ಯಾಟು, ಒಂದು ಕೈಯಲ್ಲಿ ಚಹಾ, ಇನ್ನೊಂದರಲ್ಲಿ ಫೋನು, ಪರದೆಯ ಮೇಲೆ ಗಾರೆ ಕಿತ್ತ ಗೋಡೆ. ಆದರೆ ನನ್ನ ಹೆಂಡತಿ ಇಂದಿರಾ ಹೇಳುವ ಪ್ರಕಾರ ಅವತ್ತು ಹಾಲು ಒಡೆದಿತ್ತು, ಮನೆಯಲ್ಲಿ ಚಹಾ ಆಗಲೇ ಇಲ್ಲ. ಅವಳ ಮಾತು ಸರಿಯಿದ್ದರೆ ನನ್ನ ಕೈಯಲ್ಲಿದ್ದ ಲೋಟ ಎಲ್ಲಿಂದ ಬಂತು? ಒಂದು ಲೋಟವನ್ನು ಹುಟ್ಟಿಸಿಕೊಂಡ ತಲೆ ಇನ್ನೇನೇನು ಹುಟ್ಟಿಸಿಕೊಂಡಿರಬಹುದು? ಇದನ್ನು ಓದುವವರು ಆ ಅನುಮಾನವನ್ನು ಜೊತೆಗಿಟ್ಟುಕೊಂಡೇ ಓದಬೇಕು. ನಾನೂ ಅದನ್ನು ಜೊತೆಗಿಟ್ಟುಕೊಂಡೇ ಬರೆಯುತ್ತಿದ್ದೇನೆ.

ಗಲ್ಫಿಗೆ ಹೊಸದಾಗಿ ಬರುವ ಸ್ಟ್ರಕ್ಚರಲ್ ಇಂಜಿನಿಯರುಗಳು ಕೆಲವರು ನನ್ನ ಹತ್ತಿರ ಬಂದು, "ಸರ್, ನಿಮ್ಮ ಅನುಭವ ಹೇಳ್ರಿ" ಎನ್ನುತ್ತಾರೆ. ಯಾವಾಗ ಯಾವ ಹುದ್ದೆಗೆ ಏರಿದೆ ಎಂಬುದರಲ್ಲಿ ಅವರಿಗೆ ಉಪಯೋಗವಾಗುವಂಥದ್ದು ಏನೂ ಇಲ್ಲ. ನಾನು ಬಾಗಲಕೋಟೆ ಕಡೆಯವನು, ಹೆಸರು ದೇಸಾಯಿ, ರೂವಿಯ ಒಂದು ಕನ್ಸಲ್ಟೆನ್ಸಿ ಆಫೀಸಿನಲ್ಲಿ ನಿವೃತ್ತಿಯ ತನಕ ಲೆಕ್ಕ ಹಾಕುತ್ತ ಕೂತಿದ್ದೆ. ಅಷ್ಟು ಸಾಕು.

ನಮ್ಮ ಕೆಲಸದ ರೀತಿ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಇಲ್ಲಿ ಮನೆ ಎಂದರೆ ಕಾಂಕ್ರೀಟಿನ ಕಂಬ, ತೊಲೆ, ಚಪ್ಪಡಿ. ಭಾರವೆಲ್ಲ ಅವುಗಳದ್ದು. ನಡುವೆ ಕಟ್ಟುವ ಬ್ಲಾಕಿನ ಗೋಡೆ ಬರೀ ಪರದೆ. ಒಮ್ಮೆ ಅಲ್ ಅಮೇರಾತಿನ ಒಬ್ಬ ಮನೆಮಾಲೀಕ ಗಾಬರಿಯಿಂದ ಫೋನ್ ಮಾಡಿದ. ಅತಿಥಿಗಳನ್ನು ಕೂರಿಸುವ ಮಜ್ಲಿಸ್ ಕೋಣೆ ದೊಡ್ಡದಾಗಲಿ ಎಂದು ನಡುವಿನ ಗೋಡೆಯನ್ನು ಪೂರ್ತಿ ಒಡೆಸಿದ್ದನಂತೆ. ಒಡೆದ ಮೇಲೆ ಹೆದರಿಕೆಯಾಗಿ ಹೆಂಡತಿ ಮಕ್ಕಳನ್ನು ಕಾರಿನಲ್ಲಿ ಕೂರಿಸಿದ್ದ. ನಾನು ಹೋಗಿ ಮೇಲೆ ನೋಡಿದೆ, ಕಂಬ ನೋಡಿದೆ, "ಖಲಾಸ್, ಸಾಕು ಬಿಡ್ರಿ, ಏನೂ ಆಗೋದಿಲ್ಲ, ಒಳಗ ಕರೀರಿ" ಎಂದೆ. ಅವನು ಮಕ್ಕಳ ಕೈಯಲ್ಲಿ ಒಂದು ತಟ್ಟೆ ಹಣ್ಣು ಕೊಡಿಸಿದ. ನಕ್ಷೆಯಲ್ಲಿ ಇಂಥ ಎಷ್ಟೋ ಗೋಡೆಗಳ ಮೇಲೆ ನಾವು, ತೆಗೆಯಿರಿ ಎಂದು, ಕೆಂಪು ಗೆರೆ ಎಳೆದಿದ್ದೇವೆ. ಯಾವುದೂ ಬೀಳಲಿಲ್ಲ. ಬೀಳದೇ ಬೀಳದೇ ಅದೊಂದು ಜ್ಞಾನ ಎಂದು ನಮಗೆ ಅನಿಸತೊಡಗಿತ್ತು.

ಮೊದಲ ವರ್ಷಗಳಲ್ಲಿ ಸೈಟಿಗೆ ಹೋಗಿ ಬೆರಳಗಂಟಿನಿಂದ ಗೋಡೆ ತಟ್ಟಿ ನೋಡುತ್ತಿದ್ದೆವು. ಆಮೇಲೆ ಕಂಪ್ಯೂಟರ್ ಬಂತು, ಗೋಡೆ ಎಂದರೆ ಪರದೆಯ ಮೇಲಿನ ಎರಡು ಗೆರೆಯಾಯಿತು. ಕೊನೆಗೆ ವಾಟ್ಸ್ಆ್ಯಪ್ ಬಂತು, ಸೈಟೇ ನಮ್ಮ ಜೇಬಿಗೆ ಬರತೊಡಗಿತು. ತಟ್ಟುವುದು ನಿಂತುಹೋಯಿತು.

ಆ ಮನೆ ಒಮಾನಿನಲ್ಲಿ ಇರಲಿಲ್ಲ. ಇಂಗ್ಲೆಂಡಿನ ಪಶ್ಚಿಮದ ಕಡೆಯ ಒಂದು ಊರಿನಲ್ಲಿತ್ತು. ನಮ್ಮ ಹಳೆಯ ಗಿರಾಕಿ ನಾಸರ್, ರುಸ್ತಾಕಿನವರು, ಮಗಳು ಅಲ್ಲಿ ಓದಲು ಹೋದಾಗ ಕೊಂಡದ್ದು. ಜಾರ್ಜ್ ಎಂಬ ಹೆಸರಿನ ರಾಜರು ಒಬ್ಬರ ಹಿಂದೊಬ್ಬರು ಆಳಿದ ಕಾಲದಲ್ಲಿ ಕಟ್ಟಿದ ಸಾಲುಮನೆ. ಅದಕ್ಕೇ ಜಾರ್ಜಿಯನ್ ಎನ್ನುತ್ತಾರೆ. ಓದು ಮುಗಿದು ಮಗಳು ಅಲ್ಲೇ ಆಸ್ಪತ್ರೆಯೊಂದರಲ್ಲಿ ಡಾಕ್ಟರಾದಳು, ಮದುವೆಯಾದಳು. ಗಂಡನ ನೌಕರಿ ಇತ್ತ ಒಮಾನಿನ ಸಲಾಲಾದಲ್ಲಿ, ಹೋಗಿ ಬಂದು ಮಾಡುತ್ತಿದ್ದ. ಮೇಲಿನ ಮಹಡಿಗಳನ್ನು ದುರಸ್ತಿ ಮಾಡಿಸಬೇಕು ಎಂದಾಗ ನಾಸರ್ ಅಲ್ಲಿಯ ಇಂಜಿನಿಯರುಗಳನ್ನು ಬಿಟ್ಟು ನಮ್ಮ ಹತ್ತಿರ ಬಂದರು. "ನನ್ನ ಮನೆ ಕಟ್ಟಿದವರು ನೀವು. ಮಗಳ ಮನೆಯನ್ನು ಗುರುತಿಲ್ಲದವರ ಕೈಗೆ ಕೊಡಲೇ?" ಎಂದರು. ಅಲ್ಲಿಯ ಪರವಾನಗಿಯ ವಿಷಯ ಯಾರೋ ಏಜೆಂಟ್ ನೋಡಿಕೊಂಡಿದ್ದಾನೆ ಎಂದು ಹೇಳಿದರು. ನೋಡಿಕೊಂಡಿದ್ದನೋ ಇಲ್ಲವೋ, ನಾವು ಕೇಳಲಿಲ್ಲ.

ನಮ್ಮ ಚೀಫ್ ರಂಗನಾಥ್ ಮೈಸೂರಿನವರು. ಅಳತೆಯ ನಕ್ಷೆಗಳು ಬಂದ ದಿನ ಅವನ್ನು ಟೇಬಲ್ಲಿನ ತುಂಬ ಹರಡಿ ಮಗುವಿನಂತೆ ಸಂತೋಷಪಟ್ಟರು.

"ದೇಸಾಯರೇ, ಇದು ನಮ್ಮ ವಠಾರ ಕಣ್ರೀ! ಗೋಡೆಗೆ ಗೋಡೆ ಅಂಟಿದೆ. ಪಕ್ಕದ ಮನೆಯೋರು ಒಗ್ಗರಣೆ ಹಾಕಿದ್ರೆ ಇಲ್ಲಿ ಸೀನಬೇಕು."

"ವಠಾರ ಅಂದ್ರ ಒಂದ ಮಾಳಗಿ ಸರ್. ಇದು ಐದು ಅಂತಸ್ತು ಐತಿ."

"ನಿಲ್ಲಿಸಿರೋ ವಠಾರ ಅಂದ್ಕೊಳ್ಳಿ."

ನನಗೆ ಆ ಮನೆ ಮೇಲೆ ಪ್ರೀತಿ ಹುಟ್ಟಿದ್ದು ನಿಜ. ಅಗಲ ಬಹಳ ಕಡಿಮೆ, ಎತ್ತರ ಬಹಳ. ಬೀದಿಗಿಂತ ಕೆಳಗೆ ಅಡುಗೆಮನೆ, ಅದರ ಮುಂದೆ ಬೆಳಕಿಗೆಂದು ಅಗೆದ ಚಿಕ್ಕ ತಗ್ಗಿನ ಅಂಗಳ. ಬೀದಿಯ ಮಟ್ಟದಲ್ಲಿ ಊಟದ ಕೋಣೆ. ಅದರ ಮೇಲೆ, ಒಂದನೇ ಮಹಡಿಯಲ್ಲಿ, ಅತಿಥಿಗಳಿಗೆ ತೋರಿಸುವ ದೊಡ್ಡ ದಿವಾನಖಾನೆ. ಕಿಟಕಿಗಳು ಅಲ್ಲಿ ಎಲ್ಲಕ್ಕಿಂತ ಎತ್ತರ, ಮೇಲೆ ಮೇಲೆ ಹೋದಂತೆ ಕುಳ್ಳಗಾಗುತ್ತವೆ. ಎರಡನೇ ಮಹಡಿಯಲ್ಲಿ ಮಲಗುವವರ ಕಿಟಕಿ ಮಧ್ಯಮ, ಅದರ ಮೇಲಿನ ಸೂರಿನಡಿ ಆಳುಗಳು ಮಲಗುತ್ತಿದ್ದ ಕೋಣೆಯದು ಗೇಣುದ್ದ. ಬೀದಿಯಲ್ಲಿ ನಿಂತು ಕಿಟಕಿಗಳನ್ನು ನೋಡಿದರೆ ಒಳಗೆ ಯಾರ ಮೇಲೆ ಯಾರು ಎಂದು ತಿಳಿಯುತ್ತಿತ್ತು. ಮುಖದ ಗೋಡೆ ಕಲ್ಲಿನದು, ಗೆರೆ ಹೊಡೆದಂತೆ ನೇರ, ಇಡೀ ಸಾಲಿಗೆ ಒಂದೇ ಮುಖ. ಹಿಂಬದಿ ಮಾತ್ರ ಒಬ್ಬೊಬ್ಬರದು ಒಂದೊಂದು ತರಹ. ಎಲ್ಲೋ ಕೊಳವೆ, ಎಲ್ಲೋ ಉಬ್ಬು. ನಾಸರ್ ಕೊಂಡ ಮನೆಯ ಹಿಂಬದಿಯಲ್ಲಿ, ಮೆಟ್ಟಿಲು ತಿರುಗುವ ನಡುಕಟ್ಟೆಯಿಂದ ಹೊಗುವಂಥ ಒಂದು ಪುಟ್ಟ ಕೋಣೆ ಹೊರಗೆ ಚಾಚಿತ್ತು. ಮೂರು ಕಡೆ ಅದರದ್ದೇ ಇಟ್ಟಿಗೆ ಗೋಡೆ, ಮೇಲೆ ಅದರದ್ದೇ ಪುಟ್ಟ ಮಾಡು. ಮನೆ ಅದನ್ನು ಬೆನ್ನಿಗೆ ಕಟ್ಟಿಕೊಂಡಂತಿತ್ತು.

ಎರಡನೇ ಮಹಡಿಯಲ್ಲಿ ಎರಡು ಮಲಗುವ ಕೋಣೆಗಳ ನಡುವೆ, ಮನೆಯ ಅಡ್ಡಕ್ಕೆ ಒಂದು ತೆಳುಗೋಡೆ ಇತ್ತು. ಮರದ ಪಟ್ಟಿ ಬಡಿದು ಗಾರೆ ಮೆತ್ತಿದ್ದು. ನಾಸರ್ ಅದನ್ನು ತೆಗೆಸಿ ಒಂದೇ ದೊಡ್ಡ ಕೋಣೆ ಮಾಡಬೇಕೆಂದಿದ್ದರು. ಟೇಬಲ್ ಸುತ್ತ ನಾವು ಮೂವರು: ರಂಗನಾಥ್, ನಾನು, ಡ್ರಾಫ್ಟ್ಸ್‌ಮನ್ ಶರೀಫ್. ಶರೀಫ್ ಪುತ್ತೂರಿನ ಕಡೆಯ ಬ್ಯಾರಿ, ಅರಬಿ ಸಲೀಸಾಗಿ ಮಾತಾಡುವವನು.

"ಈ ಗೋಡೆ ಕೆಳಗಡೆ ಏನಿದೆ?" ಎಂದರು ರಂಗನಾಥ್.

"ಎಂತ ಇಲ್ಲ ಸಾರ್," ಎಂದ ಶರೀಫ್. "ಕೆಳಗೆ ದಿವಾನಖಾನೆ. ನಡುವೆ ಅಗಲದ ಮಡಚುವ ಬಾಗಿಲು. ಗೋಡೆಯೇ ಇಲ್ಲ."

"ಮತ್ತೆ ಇನ್ನೇನು? ಗಾಳಿ ಮೇಲೆ ಕೂತಿರೋ ಗೋಡೆ ಯಾರ ಭಾರ ಹೊರುತ್ತಪ್ಪ? ತೆಗೀರಿ."

ನಮಗೆ ಅದು ನೂರು ಸಲ ಕೇಳಿದ ತರ್ಕ. ಗಲ್ಫಿನಲ್ಲಿ ಅದು ಸರಿಯೂ ಹೌದು. ಕೆಳಗೆ ಆಧಾರವಿಲ್ಲದ ಗೋಡೆ ಭಾರ ಹೊರುವ ಗೋಡೆಯಲ್ಲ. ಕೆಂಪು ಪೆನ್ನು ಗೋಡೆಯ ಮೇಲೆ ಅಡ್ಡ ಓಡಿತು. ಅಲ್ಲಿಯ ಗುತ್ತಿಗೆದಾರ, ನಾಸರ್‌ಗೆ ಯಾರೋ ಶಿಫಾರಸು ಮಾಡಿದ, ಬಚ್ಚಲುಮನೆಗೆ ಟೈಲ್ಸ್ ಹಾಕುವ ಚಿಕ್ಕ ಕಂಪನಿಯವನು, ಒಮ್ಮೆ ಬರೆದು ಕೇಳಿದ: ಈ ಗೋಡೆ ಖಂಡಿತ ತೆಗೆಯಬಹುದೇ? ರಂಗನಾಥ್ ಉತ್ತರ ಕೊಟ್ಟರು: ನಕ್ಷೆಯಲ್ಲಿ ಇದ್ದಂತೆ ಮಾಡಿ.

ಈಗ ಆ ಶುಕ್ರವಾರ.

ಗಲ್ಫಿನ ವಾರ ಗುರುವಾರ ಸಂಜೆಗೆ ಮುಗಿಯುತ್ತದೆ. ಇಂಗ್ಲೆಂಡಿನವರು ಶುಕ್ರವಾರ ಪೂರ್ತಿ ಕೆಲಸ ಮಾಡುತ್ತಾರೆ. ನಮ್ಮ ಆಫೀಸು ಮಲಗಿದಾಗ ಅವರ ಸುತ್ತಿಗೆ ಎದ್ದಿರುತ್ತದೆ. ಇದು ನಮಗೆ ಗೊತ್ತಿಲ್ಲದ್ದೇನಲ್ಲ, ಆದರೆ ಅದರ ಬಗ್ಗೆ ಯಾರೂ ಏನೂ ಯೋಚಿಸಿರಲಿಲ್ಲ. ಗುತ್ತಿಗೆದಾರ ಕಳಿಸಿದ ಫೋಟೋಗಳನ್ನು ರಂಗನಾಥ್ ವಿಮಾನ ಹತ್ತುವ ಮೊದಲು ಆಫೀಸಿನ ಗುಂಪಿಗೆ ದಾಟಿಸಿದ್ದರು. ಅವರು ರಜೆಗೆ ಊರಿಗೆ ಹೊರಟಿದ್ದರು. ಫೋಟೋದ ಕೆಳಗೆ ಗುತ್ತಿಗೆದಾರನ ಒಂದು ಸಾಲು: ಗಾರೆ ಕಿತ್ತಾಯಿತು, ಶುಕ್ರವಾರ ಮರ ಕತ್ತರಿಸುತ್ತೇವೆ.

ನಾನು ಫೋಟೋ ದೊಡ್ಡದು ಮಾಡಿ ನೋಡಿದೆ. ಗಾರೆಯ ಹಿಂದೆ ನೇರ ನಿಂತ ಮರಗಳಿರಬೇಕಿತ್ತು. ಇದ್ದವು. ಆದರೆ ಅವುಗಳ ನಡುವೆ ಎರಡು ದಪ್ಪ ಮರಗಳು ಓರೆಯಾಗಿ ಮೇಲೇರಿದ್ದವು, ಎರಡು ಬದಿಯಿಂದ ಎದ್ದು ನಡುವಿನ ಒಂದು ಕಂಬದ ತಲೆಗೆ ಒರಗಿದ್ದವು. ಆ ಕಂಬದ ಬುಡದಲ್ಲಿ ಕಬ್ಬಿಣದ ಪಟ್ಟಿ ಬಿಗಿದಿತ್ತು. ನಾನು ಗೋದಾಮುಗಳ ಛಾವಣಿಗೆ ಬೇಕಾದಷ್ಟು ತ್ರಿಕೋನ ಚೌಕಟ್ಟುಗಳನ್ನು, ಅಂದರೆ ಟ್ರಸ್‌ಗಳನ್ನು ಮಾಡಿದವನು. ಆ ಆಕಾರ ನನಗೆ ನಿದ್ದೆಯಲ್ಲೂ ಗೊತ್ತು. ಅದು ಗೋಡೆಯಲ್ಲ. ಗೋಡೆಯೊಳಗೆ ಬಚ್ಚಿಟ್ಟ ಸೇತುವೆ. ಕೆಳಗೆ ದೊಡ್ಡ ಬಾಗಿಲು ಬೇಕೆಂದು, ಕೆಳಗೆ ಗೋಡೆ ಬೇಡವೆಂದು, ಆ ಕಾಲದ ಬಡಗಿಗಳು ಪಕ್ಕದ ಮನೆಗಳಿಗೆ ಅಂಟಿದ ಎರಡು ಬದಿಗೋಡೆಗಳ ಮೇಲೆ ಟ್ರಸ್ ಕೂರಿಸಿ, ಅದರಿಂದ ಎರಡನೇ ಮಹಡಿಯ ನೆಲವನ್ನು ತೂಗುಹಾಕಿದ್ದರು. ಮೇಲಿನ ಸೂರುಕೋಣೆಯ ನೆಲವೂ ಅದರ ತಲೆಯ ಮೇಲೆಯೇ. ಕೆಳಗೆ ಗೋಡೆ ಇಲ್ಲದಿರುವುದೇ ಅದು ಭಾರ ಹೊರುತ್ತಿದೆ ಎಂಬುದರ ಗುರುತಾಗಿತ್ತು. ನಾವು ಆ ಗುರುತನ್ನು ತಲೆಕೆಳಗಾಗಿ ಓದಿದ್ದೆವು.

ಇಂದಿರಾ ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿದಳು.

"ಏನ್ರೀ ಅದು? ಮಾರಿ ಯಾಕ ಹಂಗಾತು?"

"ನಾಸರನ ಮಗಳ ಮನಿ. ಇದನ್ನ ಇವತ್ತ ಕೊಯ್ತಾರಂತ."

"ಅಲ್ರೀ, ಆ ಹುಡುಗಿ ಹಡದಾಳಲ್ಲ? ಮೊನ್ನೆರ ಹಲ್ವಾ ಕಳಿಸಿದ್ರು. ಬಾಣಂತಿ ಎಲ್ಲೆ ಮಲಗ್ಯಾಳ?"

ಆ ಪ್ರಶ್ನೆ ನನಗೆ ಬಂದೇ ಇರಲಿಲ್ಲ. ನಾನು ಇನ್ನೂ ಮರದ ದಪ್ಪ ಅಂದಾಜು ಮಾಡುತ್ತಿದ್ದೆ. ಬಾಣಂತಿ ಎಲ್ಲಿ ಮಲಗಿದ್ದಾಳೆ ಎಂಬುದು ನನಗೆ ಗೊತ್ತಿತ್ತು, ನಾಸರ್ ಹೇಳಿದ್ದರು: ಮೇಲೆ ಕೆಲಸ ನಡೆದಿರುವುದರಿಂದ ಮಗಳು, ಕೂಸು, ಆರೈಕೆಗೆ ಹೋದ ನಾಸರ್ ಅವರ ತಾಯಿ, ಮೂವರೂ ಒಂದನೇ ಮಹಡಿಯ ದಿವಾನಖಾನೆಯಲ್ಲಿದ್ದಾರೆ. ಅಂದರೆ ಸರಿಯಾಗಿ ಆ ಟ್ರಸ್ಸಿನ ಕೆಳಗೆ.

ಗುತ್ತಿಗೆದಾರನ ಮೊಬೈಲ್ ನಂಬರು ರಂಗನಾಥರ ಫೋನಿನಲ್ಲಿ ಮಾತ್ರ ಇತ್ತು. ರಂಗನಾಥ್ ಆಕಾಶದಲ್ಲಿದ್ದರು. ನಾಸರ್ ಶುಕ್ರವಾರ ರುಸ್ತಾಕಿನ ಮನೆಯಲ್ಲಿರುತ್ತಾರೆ, ಫೋನ್ ಆಫ್ ಮಾಡಿಡುತ್ತಾರೆ. ಅದು ಅವರ ನಿಯಮ, ಇಡೀ ಆಫೀಸಿಗೆ ಗೊತ್ತಿದ್ದದ್ದು. ಮಗಳ ನಂಬರು? ಯಾರ ಹತ್ತಿರವೂ ಇಲ್ಲ. ಅಷ್ಟು ಕಾಲ ಅವಳ ಮನೆಯ ನಕ್ಷೆ ಮಾಡಿದ್ದರೂ ಅವಳ ಹೆಸರು ನಮಗೆ ತಿಳಿದಿರಲಿಲ್ಲ. ಮನೆಯ ಹೆಣ್ಣುಮಕ್ಕಳ ನಂಬರು ಕೇಳುವುದು ಇಲ್ಲಿಯ ಮರ್ಯಾದೆಯಲ್ಲ. ನಾವೂ ಕೇಳಲಿಲ್ಲ, ನಾಸರ್ ಕೊಡಲಿಲ್ಲ. ಏನು ಬೇಕಾದರೂ ನಾಸರ್ ಮೂಲಕವೇ. ನಕ್ಷೆಯಲ್ಲಿ ಅವಳು ಬರೀ 'ಮಗಳ ಕೋಣೆ'.

ಗುತ್ತಿಗೆದಾರನ ಆಫೀಸಿಗೆ ಮೇಲ್ ಹಾಕಿದೆ. ತಕ್ಷಣ ಉತ್ತರ ಬಂತು, ಯಂತ್ರದ್ದು: ನಿಮ್ಮ ಪತ್ರ ತಲುಪಿದೆ, ಆದಷ್ಟು ಬೇಗ ಸಂಪರ್ಕಿಸುತ್ತೇವೆ. ಮೇಲ್‌ನ ಅಡಿಯಲ್ಲಿದ್ದ ನಂಬರಿಗೆ ಫೋನ್ ಮಾಡಿದೆ. ಅಲ್ಲಿ ಇನ್ನೂ ಬೆಳಗಾಗಿರಲಿಲ್ಲ, ರಿಂಗ್ ಆಗುತ್ತಲೇ ಇತ್ತು.

ಶರೀಫನಿಗೆ ಫೋನ್ ಮಾಡಿದೆ. ರುಸ್ತಾಕಿನ ಮನೆ ಅವನಿಗೆ ಗೊತ್ತು, ನಕ್ಷೆ ಕೊಡಲು ಹೋಗಿ ಬಂದಿದ್ದ.

"ಎಂತ ಸಾರ್, ಜುಮಾಗೆ ಹೊರಟಿದ್ದೇನೆ."

ಹೇಳಿದೆ.

"ಯಾ ಅಲ್ಲಾ. ನೀವು ಕಾರು ತೆಗೊಂಡು ಮಸೀದಿ ಹತ್ರ ಬನ್ನಿ. ನಮಾಜು ಮುಗಿದ ಕೂಡ್ಲೇ ಹೊರಡುವ. ಈಗ ಹೋದ್ರೂ ಅವರೂ ಮಸೀದಿಯಲ್ಲೇ ಇರುವುದು."

ಮಸೀದಿಯ ಹೊರಗೆ ಕಾರಿನಲ್ಲಿ ಕೂತ ಆ ಹೊತ್ತು ನನ್ನ ನೆನಪಿನಲ್ಲಿ ಬಹಳ ಉದ್ದ. ನಿಜಕ್ಕೂ ಎಷ್ಟಿತ್ತೋ. ಬಾಗಿಲ ಬಳಿ ಚಪ್ಪಲಿಗಳು, ಧ್ವನಿವರ್ಧಕದಲ್ಲಿ ಪ್ರವಚನ. ಅಲ್ಲಿ ಈಗ ಬೆಳಗಾಗಿದೆ, ಕೆಲಸಗಾರರು ವ್ಯಾನಿನಿಂದ ಇಳಿಯುತ್ತಿದ್ದಾರೆ, ಬಾಗಿಲು ತೆಗೆಯುವವರು ಯಾರು, ಅಜ್ಜಿಯೇ? ಹೀಗೆಲ್ಲ. ಪೊಲೀಸರಿಗೆ ಫೋನ್ ಮಾಡಬಹುದಿತ್ತಲ್ಲ ಸರ್ ಎಂದು ಈಗ ಹುಡುಗರು ಕೇಳುತ್ತಾರೆ. ಮಾಡಬಹುದಿತ್ತು. ಹೊಳೆಯಲಿಲ್ಲ. ಇಷ್ಟು ವರ್ಷ ಎಲ್ಲವನ್ನೂ ಮಾಲೀಕರ ಮೂಲಕ ಮಾಡಿದವನಿಗೆ ಮಾಲೀಕರನ್ನು ಬಿಟ್ಟು ಬೇರೆ ದಾರಿ ಕಾಣುವುದಿಲ್ಲ.

ಬರ್ಕಾ ದಾಟಿ ಬೆಟ್ಟಗಳ ಕಡೆ ತಿರುಗುವ ಹೊತ್ತಿಗೆ ಗುತ್ತಿಗೆದಾರನ ಆಫೀಸಿನಲ್ಲಿ ಯಾರೋ ಫೋನ್ ಎತ್ತಿದರು. ಒಬ್ಬಳು ಹೆಂಗಸು, ದನಿ ಬಹಳ ವಿನಯದ್ದು.

"ತಾವು ಮನೆಯ ಮಾಲೀಕರೇ?"

"ಅಲ್ಲ, ಇಂಜಿನಿಯರ್. ಗೋಡೆ ಕತ್ತರಿಸುವುದನ್ನು ಈಗಲೇ ನಿಲ್ಲಿಸಬೇಕು. ಕೆಳಗೆ ತಾಯಿ ಮತ್ತು ಕೂಸು ಇದ್ದಾರೆ."

"ನಿಮ್ಮ ನಕ್ಷೆಯಲ್ಲಿ ಅದನ್ನು ತೆಗೆಯಿರಿ ಎಂದಿದೆ, ಸರ್."

"ಹೌದು. ನಕ್ಷೆ ತಪ್ಪು."

"ನಾನು ಮೇಸ್ತ್ರಿಗೆ ಸಂದೇಶ ಬಿಡುತ್ತೇನೆ. ಸದ್ದಿನಲ್ಲಿ ಅವರು ಫೋನ್ ಎತ್ತುವುದು ಕಡಿಮೆ."

ನನ್ನ ಕಾರು ಓಡಿಸುತ್ತಿದ್ದ ಶರೀಫ್ ವೇಗ ಇನ್ನೂ ಏರಿಸಿದ. ದಾರಿಬದಿಯ ಕ್ಯಾಮೆರಾ ಮಿಂಚಿತು.

"ಫೈನ್ ಬಿತ್ತು ಸಾರ್," ಎಂದ. "ರಂಗನಾಥ್ ಸಾರಿಗೆ ಕಳಿಸುವ. ಗಾಳಿ ಮೇಲೆ ಕೂತ ಗೋಡೆಯ ಲೆಕ್ಕಕ್ಕೆ ಹಾಕ್ಲಿ."

ನಾನು ನಗಲಿಲ್ಲ. ಅವನೂ ನಗಲಿಲ್ಲ. ಸ್ವಲ್ಪ ದೂರ ಹೋದ ಮೇಲೆ ಅವನೇ, "ಕೆಳಗೆ ಗೋಡೆ ಇಲ್ಲ ಅಂತ ಹೇಳಿದ್ದು ನಾನೇ ಅಲ್ವಾ ಸಾರ್?" ಎಂದ.

"ಇದ್ದದ್ದನ್ನ ಹೇಳೀದಿ. ಅದರಾಗ ಏನೈತಿ?"

"ಆದ್ರೂ ನನ್ನ ಬಾಯಿಂದ ಬಂತಲ್ಲ ಮಾರಾಯ್ರೇ."

ನಾಸರ್ ಮನೆಯಲ್ಲಿ ಮಧ್ಯಾಹ್ನದ ಊಟ ಮುಗಿದಿತ್ತು. ಮಜ್ಲಿಸ್‌ನಲ್ಲಿ ಅಣ್ಣತಮ್ಮಂದಿರು, ನೆಂಟರು ಒರಗು ದಿಂಬಿಗೆ ಆತು ಕೂತಿದ್ದರು. ನಾವು ಒಳಗೆ ಹೋದಾಗ ಎಲ್ಲರೂ ಎದ್ದು ನಿಂತರು, ಒಬ್ಬೊಬ್ಬರ ಕೈ ಹಿಡಿದು ಕುಶಲ ಕೇಳಿಯಾಗಬೇಕಿತ್ತು. ಖರ್ಜೂರ ಬಂತು. ಕಾಫಿ ಬಂತು. ಕಾಫಿ ಕುಡಿಯದೆ ಬಂದ ಕೆಲಸ ಹೇಳುವುದು ಆ ಮನೆಗೆ ಅವಮಾನ. ನಾನು ಬಟ್ಟಲು ಕೈಯಲ್ಲಿ ಹಿಡಿದೇ ಹೇಳಿಬಿಟ್ಟೆ. ನನ್ನ ಅರಬಿ ಅಂಗಡಿಯ ಅರಬಿ, ಹೆದರಿಕೆಯಲ್ಲಿ ಅದೂ ಹೋಯಿತು. ಕೊನೆಗೆ ಇಂಗ್ಲಿಷಿನಲ್ಲಿ, ಹಿಂದಿಯಲ್ಲಿ ಏನೇನೋ ಹೇಳಿದೆ. ಶರೀಫ್ ಅದನ್ನೆಲ್ಲ ಸಾವಧಾನವಾಗಿ ಅರಬಿಯಲ್ಲಿ ಜೋಡಿಸಿ ಹೇಳಿದ.

ನಾಸರ್ ದೊಡ್ಡ ಆಳು, ಎಂದೂ ದನಿ ಏರಿಸಿದವರಲ್ಲ. ಅವತ್ತೂ ಏರಿಸಲಿಲ್ಲ.

"ನಕ್ಷೆ ನಿಮ್ಮದೇ ಅಲ್ಲವೇ, ಇಂಜಿನಿಯರ್?"

"ನಮ್ಮದೇ."

"ಈಗ ತಪ್ಪು ಎನ್ನುತ್ತೀರಿ."

"ಹೌದು."

"ಯಾವುದನ್ನು ನಂಬಲಿ?"

ಇದಕ್ಕೆ ನಾನೇನು ಉತ್ತರ ಕೊಟ್ಟೆ ಎಂಬುದು ನನಗೆ ನೆನಪಿಲ್ಲ. ಶರೀಫನ ಪ್ರಕಾರ, "ನನ್ನನ್ನು ನಂಬಬೇಡಿ, ಮೊದಲು ಮಗಳನ್ನು ಸರಿಸಿ, ಆಮೇಲೆ ಜಗಳಾಡೋಣ" ಎಂದೆನಂತೆ. ಅಷ್ಟು ಚೆನ್ನಾಗಿ ಮಾತಾಡುವವನು ನಾನಲ್ಲ. ಅವನು ನನಗೆ ಆ ಮಾತನ್ನು ಉಡುಗೊರೆ ಕೊಟ್ಟಿರಬೇಕು.

ನಾಸರ್ ಫೋನ್ ಆನ್ ಮಾಡಿದರು. ಅದು ಎಚ್ಚರಾದ ಕೂಡಲೇ ಮೇಸ್ತ್ರಿಗೆ ಮಾಡಿದರು, ಎತ್ತಲಿಲ್ಲ. ಮಗಳಿಗೆ ಮಾಡಿದರು. ಎತ್ತಿದ್ದು ನಾಸರ್ ಅವರ ತಾಯಿ. ನಾಸರ್ ಫೋನನ್ನು ಎಲ್ಲರಿಗೂ ಕೇಳುವಂತೆ ಇಟ್ಟರು. ಆ ಮುದುಕಿಯ ದನಿಯ ಹಿಂದೆ, ದೂರದಲ್ಲಿ, ಗರಗರ ಎಂಬ ಸದ್ದು. ಗರಗಸವೋ ಇನ್ನೇನೋ, ಅದು ಶುರುವಾಗಿತ್ತು. ನಿಲ್ಲುತ್ತಿತ್ತು, ಮತ್ತೆ ಶುರುವಾಗುತ್ತಿತ್ತು.

"ಅಮ್ಮಾ, ಮಗಳನ್ನು ಕರೆದುಕೊಂಡು ಈಗಲೇ ಮನೆಯಿಂದ ಹೊರಗೆ ಬಾ."

"ನಿನಗೆ ಬುದ್ಧಿ ಇದೆಯೇ? ನಲವತ್ತು ದಿನ ಆಗಿಲ್ಲ. ಹೊರಗೆ ಹಿಮ ಇದೆ. ಹಡೆದವಳನ್ನು ಹಿಮಕ್ಕೆ ನಿಲ್ಲಿಸುತ್ತೀಯಾ?"

"ಮೇಲಿನ ನೆಲ ಬೀಳಬಹುದಂತೆ."

"ಯಾರು ಹೇಳಿದವರು?"

"ಇಂಜಿನಿಯರ್."

"ಅವನನ್ನು ಹಡೆದವಳು ನಲವತ್ತು ದಿನ ಒಳಗೆ ಕೂತಿರಲಿಲ್ಲವೇನು? ಧೂಳು ಬೀಳುತ್ತಿದೆ, ನಾನು ತೊಟ್ಟಿಲಿಗೆ ಬಟ್ಟೆ ಮುಚ್ಚಿದ್ದೇನೆ. ಕೂಸು ಮಲಗಿದೆ. ಹೋಗು."

ಶರೀಫ್ ನನ್ನ ಕಿವಿಯಲ್ಲಿ ಒಂದೊಂದನ್ನೂ ಕನ್ನಡದಲ್ಲಿ ಹೇಳುತ್ತಿದ್ದ. ಧೂಳು ಬೀಳುತ್ತಿದೆ ಎಂಬುದನ್ನು ಎರಡು ಸಲ ಹೇಳಿದ. ನಾನು ಬಟ್ಟಲನ್ನು ಕೆಳಗಿಟ್ಟೆ.

ಪಕ್ಕದ ಮನೆಗೆ ಹೋಗಿ ಎಂದರು ನಾಸರ್. ಗುರುತಿಲ್ಲದವರ ಮನೆಗೆ ಬಾಣಂತಿ ಹೋಗುವುದಿಲ್ಲ ಎಂದಳು ಮುದುಕಿ. ಕೆಳಗಿನ ಅಡುಗೆಮನೆಗೆ ಎಂದರು. ಮೇಲಿನದು ಬಂದರೆ ಅದೂ ಅದರ ದಾರಿಯಲ್ಲೇ ಇದೆ ಎಂದು ನಾನು ತಲೆ ಆಡಿಸಿದೆ. ಹೊಸ್ತಿಲು ದಾಟದೆ ಆ ಮನೆಯ ಹೊರಗೆ ಹೋಗುವುದು ಹೇಗೆ? ಊರಿನಲ್ಲಿ ಇಂದಿರಾ ಬಾಣಂತಿಯಾಗಿದ್ದಾಗ ನನ್ನ ಅತ್ತೆ ಕಿಟಕಿಯ ಸಂದಿಗೆ ಸೀರೆ ತುರುಕಿದ್ದು ನನಗೆ ಗೊತ್ತು. ಆ ಮುದುಕಿಯನ್ನು ಮಾತಿನಿಂದ ಬಗ್ಗಿಸಲಾಗುವುದಿಲ್ಲ ಎಂದು ಖಾತ್ರಿಯಿತ್ತು.

ಕಣ್ಣು ಮುಚ್ಚಿ ನಕ್ಷೆಯ ಮೇಲೆ ನಡೆದೆ. ದಿವಾನಖಾನೆ, ಬಾಗಿಲು, ಮೆಟ್ಟಿಲು, ನಡುಕಟ್ಟೆ.

"ಮೆಟ್ಟಿಲಿನ ನಡುವೆ, ಹಿಂದಕ್ಕೆ, ಒಂದು ಸಣ್ಣ ಕೋಣೆ ಇದೆ," ಎಂದೆ. "ಅದು ಮನೆಯ ಒಳಗೇ. ಆದರೆ ಅದರ ಗೋಡೆ ಬೇರೆ, ಮಾಡು ಬೇರೆ. ಇಡೀ ಮನೆಯ ಮರ ಬಿದ್ದರೂ ಅದರ ಮೇಲೆ ಬರುವುದಿಲ್ಲ."

ಶರೀಫ್ ಹೇಳಿದ. ನಾಸರ್ ಹೇಳಿದರು.

"ನನ್ನ ಪೆಟ್ಟಿಗೆಗಳನ್ನು ಇಟ್ಟ ಕೋಣೆಯೇ?" ಎಂದಳು ಮುದುಕಿ.

"ಅದೇ. ಹೊರಗೆ ಹೋಗಬೇಕಾಗಿಲ್ಲ. ಬಾಗಿಲು ಹಾಕಿಕೊಳ್ಳಿ, ಬೆಚ್ಚಗಿರುತ್ತದೆ. ಯಲ್ಲಾ, ಅಮ್ಮಾ, ಬೇಗ, ಯಲ್ಲಾ."

ಅವಳು ಏನೋ ಗೊಣಗಿದಳು. ಫೋನು ಎಲ್ಲೋ ಮೆತ್ತನೆಯ ಜಾಗದಲ್ಲಿ ಬಿತ್ತು. ಕೂಸು ಎಚ್ಚರವಾಗಿ ಅತ್ತಿತು. ಅಳು ದೂರವಾಯಿತು. ಗರಗಸ ಮಾತ್ರ ನಮ್ಮ ಜೊತೆ ಉಳಿಯಿತು, ರುಸ್ತಾಕಿನ ಆ ತುಂಬಿದ ಕೋಣೆಯಲ್ಲಿ, ಕಾಫಿ ಬಟ್ಟಲುಗಳ ನಡುವೆ.

ಆಮೇಲೆ ಅದೂ ನಿಂತಿತು.

ಇಲ್ಲಿಂದ ಎರಡು ಕಥೆಗಳಿವೆ. ಶರೀಫ್ ಹೇಳುವುದರಲ್ಲಿ, ಮುದುಕಿ ಮೊಮ್ಮಗಳನ್ನೂ ಕೂಸನ್ನೂ ಸಣ್ಣ ಕೋಣೆಗೆ ಸೇರಿಸಿ, ಕೈಗೋಲು ಹಿಡಿದು ಮೇಲೇರಿ, ಕೆಲಸಗಾರರ ಮುಂದೆ ನಿಂತು "ಖಲಾಸ್! ಖಲಾಸ್!" ಎಂದು ಕೂಗಿ ಗರಗಸದ ವೈರನ್ನು ಕಿತ್ತಳು. ಪ್ರತಿ ವರ್ಷ ಅವನ ಬಾಯಲ್ಲಿ ಆ ಕೈಗೋಲು ಉದ್ದವಾಗುತ್ತದೆ. ನಾಸರ್ ಹೇಳಿದ್ದು ಬೇರೆ: ಆಫೀಸಿನ ಹೆಂಗಸು ಬಿಟ್ಟ ಸಂದೇಶವನ್ನು ಮೇಸ್ತ್ರಿ ಚಹಾ ಕುಡಿಯುವಾಗ ನೋಡಿದ, ಅಷ್ಟೇ. ನಾನು ಕೇಳಿದ್ದು ಸದ್ದು ನಿಂತದ್ದನ್ನು ಮಾತ್ರ. ಯಾಕೆ ನಿಂತಿತು ಎಂದು ಸದ್ದು ಹೇಳುವುದಿಲ್ಲ.

ಆ ಸಂಜೆಯೊಳಗೆ ಅಲ್ಲಿಯ ಇಂಜಿನಿಯರ್ ಒಬ್ಬ ಬಂದು ದಿವಾನಖಾನೆಯ ನಡುವೆ ಉಕ್ಕಿನ ಆಧಾರಕಂಬಗಳನ್ನು ನಿಲ್ಲಿಸಿದನಂತೆ. ಓರೆಮರಗಳಲ್ಲಿ ಒಂದನ್ನು ಅಷ್ಟರಲ್ಲಿ ಕತ್ತರಿಸಿಯಾಗಿತ್ತು. ಮೇಲಿನ ನೆಲ ನಡುವೆ ತಗ್ಗಿತ್ತು. ಆದರೆ ಆ ಮನೆಗಳ ನೆಲ ಎಲ್ಲ ಕಡೆ ತಗ್ಗಿರುತ್ತದೆ, ಅದು ಅವತ್ತಿನದೋ ಹಳೆಯದೋ ಹೇಳಲಾಗದು ಎಂದನಂತೆ. ನಾಸರ್ ಆ ಕೆಲಸವನ್ನು ನಮ್ಮಿಂದ ಹಿಂದಕ್ಕೆ ತೆಗೆದುಕೊಂಡರು. ಹಾಗೆ ಮಾಡದಿದ್ದರೆ ನನಗೆ ಅವರ ಬಗ್ಗೆ ಗೌರವ ಕಡಿಮೆಯಾಗುತ್ತಿತ್ತು. ಅಲ್ಲಿಯ ಇಂಜಿನಿಯರ್ ಬರೆದದ್ದೇನು ಎಂಬುದು ನಮ್ಮ ಆಫೀಸಿಗೆ ಬರಲಿಲ್ಲ.

ರಂಗನಾಥ್ ರಜೆ ಮುಗಿಸಿ ಬಂದಾಗ ನನ್ನನ್ನು ಒಳಗೆ ಕರೆದರು.

"ಗಿರಾಕಿ ಮನೆಗೆ ಹೋಗಿ ನಕ್ಷೆ ತಪ್ಪು ಅಂದ್ರಂತೆ."

"ತಪ್ಪಿತ್ತಲ್ಲ ಸರ್."

"ನನ್ನ ಕೇಳ್ಬೇಕಿತ್ತು."

"ನೀವು ವಿಮಾನದಾಗ ಇದ್ರಿ."

"ಇಳಿಯೋವರ್ಗೂ ಕಾಯೋದಕ್ಕೆ ಆಗ್ತಿರ್ಲಿಲ್ವಾ?" ಎಂದು ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು. "ಬಿತ್ತೇನ್ರೀ? ಬೀಳಲಿಲ್ವಲ್ಲ. ಒಂದು ಮರ ಕೊಯ್ದ ಮೇಲೂ ನಿಂತಿತ್ತು ತಾನೇ? ಹಾಗಾದ್ರೆ ನಾನು ಹೇಳಿದ್ದೇ ಸರಿ ಇರ್ಬಹುದು."

ಕೋಪದಿಂದ ಹೇಳಲಿಲ್ಲ. ನಿಜವಾಗಿ ಕೇಳುತ್ತಿದ್ದರು. ಅವರಿಗೂ ತಿಳಿಯಬೇಕಿತ್ತು. ಆಮೇಲೆ ಒಂದು ಸಲ, ನಾನು ಹೊರಡುವ ಹೊತ್ತಿಗೆ, ತಲೆ ಎತ್ತದೆ, "ಕೂಸು ಹುಷಾರಾಗಿದೆಯಂತಾ?" ಎಂದರು. ಇದೆಯಂತೆ ಎಂದೆ.

ಆ ಆಫೀಸಿನಲ್ಲಿ ಆಮೇಲೆ ಕೆಂಪು ಗೆರೆ ಎಳೆಯುವ ಮೊದಲು ಶರೀಫ್ ಒಂದು ಪ್ರಶ್ನೆ ಕೇಳುವ ಅಭ್ಯಾಸ ಮಾಡಿಕೊಂಡ: "ಕೆಳಗೆ ಯಾರು ಮಲಗುವುದು ಸಾರ್?" ಅದು ಲೆಕ್ಕಕ್ಕೆ ಬೇಕಾದ ಪ್ರಶ್ನೆಯಲ್ಲ. ಅದನ್ನು ಕೇಳಿದರೆ ಮಾತ್ರ ಲೆಕ್ಕ ಮತ್ತೊಮ್ಮೆ ಮಾಡಬೇಕೆನಿಸುತ್ತದೆ.

ನಿವೃತ್ತಿಯಾದ ಮೇಲೆ ಆ ಟ್ರಸ್ಸನ್ನು ನಾನು ಲೆಕ್ಕ ಮಾಡಿ ನೋಡಿದ್ದೇನೆ, ಬೇರೆ ಬೇರೆ ರೀತಿಯಲ್ಲಿ. ಮರದ ಬಲ ಇಂದಿನ ಪುಸ್ತಕದಲ್ಲಿ ಇರುವಷ್ಟು ಎಂದು ಹಿಡಿದರೆ, ಎರಡನೇ ಓರೆಮರ ಕತ್ತರಿಸಿದ ಕೂಡಲೇ ಎರಡು ಮಹಡಿಯ ನೆಲವೂ ದಿವಾನಖಾನೆಗೆ ಬರುತ್ತದೆ. ಆದರೆ ಆ ಕಾಲದ ಮರ ನಿಧಾನ ಬೆಳೆದದ್ದು, ಬಲ ಹೆಚ್ಚಿದ್ದೀತು. ಹಲಗೆಗಳು, ಮೊಳೆಗಳು, ಉಳಿದ ಗಾರೆಯ ಹೊದಿಕೆ ಎಲ್ಲವೂ ಒಂದನ್ನೊಂದು ಹಿಡಿದುಕೊಂಡಿದ್ದೀತು. ಹಾಗೆ ಹಿಡಿದರೆ ನೆಲ ಬಾಗುತ್ತದೆ, ಕಿರುಗುಟ್ಟುತ್ತದೆ, ನಿಲ್ಲುತ್ತದೆ. ಮರ ಹೇಗಿತ್ತು ಎಂದು ನಾನು ಕೈಯಿಂದ ಮುಟ್ಟಿ ನೋಡಿಲ್ಲ. ಆ ಮನೆಯನ್ನು ನಾನು ಇವತ್ತಿನವರೆಗೆ ಕಂಡಿ‍ಲ್ಲ. ಅವತ್ತು ಪೂರ್ತಿ ಕೊಯ್ಯಲು ಬಿಟ್ಟಿದ್ದರೆ ಬೀಳುತ್ತಿತ್ತೋ ಇಲ್ಲವೋ, ನನಗೆ ಗೊತ್ತಿಲ್ಲ.